ಆರನೇ ಹಾಡಿನ ಗುನುಗು

ಅದು ಅಣ್ಣನ ದನಿ ಅಲ್ಲದಿದ್ದರೆ?

ಒಂದೇ ಬಾಯಿ ಒಂದೇ ಹೊತ್ತಿಗೆ ಮಾತಾಡುತ್ತ ಗುನುಗಲಾರದು. ಇದನ್ನು ತಿಳಿಯಲು ಯಾರೂ ಓದಬೇಕಿಲ್ಲ. ಆದರೆ ಟೇಪು ಹಳೆಯದು. ಸುರುಳಿಯ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟಿಕೊಳ್ಳುವುದುಂಟು. ಹಾಗೇನಾದರೂ ಆಗಿ, ಅಣ್ಣ ಒಂದು ಗಳಿಗೆ ಮೊದಲು ಗುನುಗಿದ್ದು ಅವನ ಮಾತಿನ ಕೆಳಗೆ ಬಂದು ಕೂತಿರಬಹುದಲ್ಲ? ಇರಬಹುದು. ಇಲ್ಲದೆಯೂ ಇರಬಹುದು. ತನ್ನ ಪರ ತಾನೇ ವಕೀಲನಾಗಿ, ತನ್ನ ವಿರುದ್ಧ ತಾನೇ ಸಾಕ್ಷಿಯಾಗಿ, ಅವನು ಬೆಳಗಿನಿಂದ ಅದೇ ಒಂದು ತುಣುಕನ್ನು ಹಿಂದಕ್ಕೆ ಎಳೆದು ಮುಂದಕ್ಕೆ ಬಿಡುತ್ತ ಕೂತಿದ್ದ. ಮುಂದಿದ್ದ ಟೀ ಮೇಲೆ ಕೆನೆ ಕಟ್ಟಿತ್ತು.

ತುಣುಕಿನಲ್ಲಿ ಇದ್ದದ್ದು ಇಷ್ಟು: ಗಿಟಾರಿನ ಕೊನೆಯ ಸುತ್ತು, ಅದರ ಅಡಿಯಲ್ಲಿ ಬಾಯಿ ಮುಚ್ಚಿಕೊಂಡು ಯಾರೋ ಗುನುಗುವ ಸದ್ದು, ಅದರ ಮೇಲೆ ಅಣ್ಣ ಪಿಸುದನಿಯಲ್ಲಿ, "ಬಿಡಬೇಡ, ಹಿಡ್ಕೊಂಡಿರು" ಅನ್ನುವುದು. ಅಣ್ಣ ಮಾತಾಡುವಾಗಲೂ ಗುನುಗು ನಿಲ್ಲುವುದಿಲ್ಲ. ಅಲುಗುವುದೂ ಇಲ್ಲ.

ಅವನದು ಧ್ವನಿಮುದ್ರಣದ ಕೆಲಸ. ಬಟ್ಟೆ ಒಗೆದುಕೊಡುವ ಅಂಗಡಿಯ ಮೇಲಿನ ಒಂದು ಕೋಣೆಯೇ ಅವನ ಸ್ಟುಡಿಯೋ. ಗೋಡೆಗಳಿಗೆಲ್ಲ ದಪ್ಪ ಕಂಬಳಿ ಹೊಡೆದಿದ್ದ. ಕೆಳಗಿನ ಯಂತ್ರಗಳು ತಿರುಗುವಾಗ ನೆಲ ನಡುಗುತ್ತದೆಂದು ಅವು ನಿಂತ ಹೊತ್ತು ನೋಡಿ ಕೆಲಸ ಮಾಡುವುದು ಅವನ ರೂಢಿ. ಕಸುಬಿನವರೆಲ್ಲ ಅವನನ್ನು 'ಕಿವಿ' ಎಂದೇ ಕರೆಯುತ್ತಿದ್ದರು. ಆ ಹೆಸರು ಇಟ್ಟದ್ದು ಅಣ್ಣನ ತಂಡ. ಮನೆಯಲ್ಲಿ ಮಾತ್ರ ಅವನು ಚಿಕ್ಕೋನು, ಅಣ್ಣ ದೊಡ್ಡೋನು. ಐವತ್ತು ದಾಟಿ ಕೂದಲು ಬಿಳಿಯಾದರೂ ಚಿಕ್ಕೋನು ದೊಡ್ಡೋನಾಗಿರಲಿಲ್ಲ; ಇಪ್ಪತ್ತೆಂಟಕ್ಕೇ ಹೋದ ದೊಡ್ಡೋನು ಆ ಜಾಗ ಬಿಟ್ಟುಕೊಟ್ಟಿರಲಿಲ್ಲ.

ಅಣ್ಣನ ರಾಕ್ ತಂಡ ತಂದದ್ದು ಒಂದೇ ಆಲ್ಬಮ್, ಹೆಸರು 'ತುಕ್ಕು'. ಅದು ಹೊರಬಂದ ಕೆಲವೇ ವಾರಗಳಲ್ಲಿ ಅಣ್ಣ ತಿರುವಿನಲ್ಲಿ ಬೈಕಿನಿಂದ ಬಿದ್ದು ಸತ್ತ. ಗಿಟಾರಿಲ್ಲದ ತಂಡ ಚದುರಿತು. ಆಲ್ಬಮ್ ಮಾತ್ರ ಸಾಯಲಿಲ್ಲ. ಗ್ರಾಮಫೋನ್ ಪ್ಲೇಟು ಇದ್ದವರು ಇಲ್ಲದವರಿಗೆ ನಕಲು ಮಾಡಿ ಕೊಟ್ಟರು; ನಕಲಿನ ನಕಲು ಕೇಳಿ ಒಂದು ತಲೆಮಾರು ಬೆಳೆಯಿತು. ಈಗ ಆಲ್ಬಮ್ ತಂದಿದ್ದ ಕಂಪನಿ ಅದನ್ನು ರೀಮಾಸ್ಟರ್ ಮಾಡಿ, ಹಳೆಯ ಟೇಪಿನ ಸದ್ದನ್ನು ಶುಚಿಗೊಳಿಸಿ, ಮತ್ತೆ ತರುವ ಮನಸ್ಸು ಮಾಡಿದಾಗ ಕೆಲಸ ಇವನಿಗೇ ಬಂತು. "ಕರುಳಿನ ಕೆಲಸ ಸರ್, ಕರುಳಿನವರೇ ಮಾಡಬೇಕು" ಎಂದಿದ್ದರು ಕಂಪನಿಯ ಮೇಡಂ.

ಮೂಲ ಟೇಪುಗಳು ಅಂಟು ಬಿಟ್ಟುಕೊಂಡಿದ್ದವು. ಹದವಾದ ಬಿಸಿಯಲ್ಲಿಟ್ಟು ಒಣಗಿಸಿ, ಮತ್ತೆ ಕೆಡುವ ಮೊದಲು ಒಂದೇ ಓಟದಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡ. ಆಮೇಲೆ ಟೇಪಿನ ಸುಯ್ಯೆನ್ನುವ ಸದ್ದನ್ನು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ತೆಗೆಯುತ್ತ ಹೋದ. ಆರನೇ ಹಾಡು 'ಗೋಡೆಯಾಚೆ'. ನಡುವೆ ಡ್ರಮ್ಮೂ ಹಾಡೂ ನಿಂತು ಗಿಟಾರು ಒಂದೇ ಉಳಿಯುವ ಭಾಗದಲ್ಲಿ, ಸುಯ್ಲು ತಗ್ಗಿದ್ದೇ ತಡ, ನೀರಿಳಿದ ಕೆರೆಯಲ್ಲಿ ಕಲ್ಲು ಕಂಡಂತೆ ಆ ಗುನುಗು ಕಂಡಿತು. ಇಷ್ಟು ವರ್ಷ ಸೂಜಿಯ ಕರಕರದ ಅಡಿಯಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ. ಅವನು ಹೆಡ್‌ಫೋನ್ ತೆಗೆದಿಟ್ಟು, ಎದ್ದು ಹೋಗಿ ಕಿಟಕಿಯ ಬಳಿ ನಿಂತ. ಅಣ್ಣನೇ. ನುಡಿಸುತ್ತ ನುಡಿಸುತ್ತ ಮೈಮರೆತು ಗುನುಗಿದ್ದಾನೆ. ಅದರಲ್ಲಿ ಆ ಹೊತ್ತಿಗೆ ಅನುಮಾನವೇ ಬರಲಿಲ್ಲ. ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅಳಿಸಲಿಲ್ಲ. ಬದಲಿಗೆ, ಒಂದು ಕೂದಲೆಳೆಯಷ್ಟು ಏರಿಸಿದ.

ಆಲ್ಬಮ್ ಹೊರಬಂದ ದಿನದಿಂದ ಕೇಳುಗರು ಅಭಿಪ್ರಾಯ ಬರೆಯತೊಡಗಿದರು. ಹಳೇ ಪ್ಲೇಟುಗಳ ಹುಚ್ಚಿರುವವರು ಕೂಡುವ ಒಂದು ವೆಬ್‌ಸೈಟಿತ್ತು. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರೆಯುತ್ತಿರಲಿಲ್ಲ. 'ಹಳೇ ಸೂಜಿ' ಎಂಬಾತ, "ಇಷ್ಟು ವರ್ಷ ಮಂಜು ಹಿಡಿದ ಕನ್ನಡಕದಲ್ಲಿ ನೋಡ್ತಿದ್ದೆ, ಯಾರೋ ಪುಣ್ಯಾತ್ಮರು ಒರೆಸಿ ಕೊಟ್ಟರು" ಎಂದು ಬರೆದಿದ್ದ. 'ಬಾಡಿಗೆ ಮನೆ' ಎಂಬವಳು, "ಡ್ರಮ್ ಈಗ ಎದೆಗೇ ಬಡಿಯುತ್ತೆ. ಕೆಳಗಿನ ಮನೆಯವರ ಎದೆಗೂ ಬಡಿಯಿತಂತೆ, ಮೇಲೆ ಬಂದು ಹೇಳಿ ಹೋದರು" ಎಂದಿದ್ದಳು. 'ಮೂರನೇ ತಂತಿ' ಎಂಬ ಪಂಡಿತನಿಗೆ ಮಾತ್ರ ಏನೂ ಹಿಡಿಸಿರಲಿಲ್ಲ: "ಕೊಳೆ ತೊಳೆಯೋಕೆ ಹೋಗಿ ಬಣ್ಣ ತೊಳೆದಿದ್ದಾರೆ."

ಇದೆಲ್ಲ ಇರುವುದೇ. ಹೊಗಳಿಕೆಗೆ ಉಬ್ಬುವ, ತೆಗಳಿಕೆಗೆ ಕುಗ್ಗುವ ವಯಸ್ಸು ಅವನದಲ್ಲ. ಆದರೆ ಮೊದಲ ವಾರ ಕಳೆಯುವುದರೊಳಗೆ ಮಾತೆಲ್ಲ ಆರನೇ ಹಾಡಿನ ಸುತ್ತಲೇ ಗಿರಕಿ ಹೊಡೆಯತೊಡಗಿತು.

"ಆರನೇ ಹಾಡಲ್ಲಿ ಯಾರಿಗೆ ಹಲ್ಲುನೋವು?"

"ನಮ್ಮನೆ ಫ್ರಿಜ್ ಅಂತ ತಿಳ್ಕೊಂಡು ಎದ್ದುಹೋಗಿ ಆಫ್ ಮಾಡಿದೆ. ಆದ್ರೂ ಗುನುಗು ನಿಲ್ಲಲಿಲ್ಲ."

"ಚಿನ್ನದಂಥ ಹಾಡಿಗೆ ನೊಣ ಬಿದ್ದಿದೆ. ದಯವಿಟ್ಟು ತೆಗೀರಿ."

ಅಷ್ಟರಲ್ಲಿ ಮೂರನೇ ತಂತಿ ತೀರ್ಪು ಕೊಟ್ಟ: "ಗಿಟಾರಿಸ್ಟ್ ಕುಡಿದು ನುಡಿಸಿದ್ದು, ಇನ್ನೇನು? ಶ್ರುತಿ ಒಂದು ಕಡೆ, ಇವನೊಂದು ಕಡೆ. ಬೈಕಿಂದ ಬಿದ್ದದ್ದೂ ಕುಡಿದೇ ಅಂತ ಆಗಲೇ ಜನ ಹೇಳ್ತಿದ್ದರು. ಈಗ ಸಾಕ್ಷಿ ಸಿಕ್ಕಿತು."

ಆ ಒಂದು ಮಾತು ಒಣ ಹುಲ್ಲಿಗೆ ಬಿದ್ದ ಕಿಡಿಯಾಯಿತು. ಮರುದಿನ ಅದು ಊಹೆಯಾಗಿ ಉಳಿದಿರಲಿಲ್ಲ, ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿತ್ತು. ಅಣ್ಣನ ಕುಡಿತ ನೋಡಿದವರು ಹುಟ್ಟಿಕೊಂಡರು. ಅವನಿಗೆ ಬಾಟಲಿ ತಂದುಕೊಟ್ಟವರೂ ಹುಟ್ಟಿಕೊಂಡರು.

ಅಣ್ಣ ಕುಡಿಯುತ್ತಿರಲಿಲ್ಲ. ಅಪ್ಪ ಕುಡಿದು ಕುಡಿದೇ ಸತ್ತವನು. ಆ ವಾಸನೆ ಮೂಗಿಗೆ ಬಡಿದರೆ ಅಣ್ಣನಿಗೆ ವಾಂತಿ ಬರುತ್ತಿತ್ತು. ಅವನು ಸತ್ತಾಗ ಬೀದಿಯಲ್ಲಿ ಇದೇ ಮಾತು ಎದ್ದಿತ್ತು. ಅಮ್ಮ ಅಳುವುದನ್ನು ಬಿಟ್ಟು ಮನೆಮನೆಯ ಬಾಗಿಲು ತಟ್ಟಿ, "ನನ್ನ ಮಗ ಮುಟ್ತಿರಲಿಲ್ಲ" ಎಂದು ಹೇಳಿ ಬಂದಿದ್ದಳು. ಯಾರೂ ಇಲ್ಲವೆನ್ನಲಿಲ್ಲ. ಯಾರೂ ಹೌದೆನ್ನಲೂ ಇಲ್ಲ. ಬಾಗಿಲು ಹಾಕಿಕೊಂಡರು.

ಆ ಅಮ್ಮ ಈಗ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಳು. ಆಸ್ಪತ್ರೆಯಿಂದ ಬಂದಮೇಲೆ ಗೋಡೆಯ ಕಡೆ ಮುಖ ಮಾಡಿದವಳು ಇತ್ತ ತಿರುಗಿರಲಿಲ್ಲ. ತುತ್ತು ಬಾಯಿಗಿಟ್ಟರೆ ಅಲ್ಲೇ ಇಟ್ಟುಕೊಂಡು ಸುಮ್ಮನಿರುತ್ತಿದ್ದಳು. ಮೂಳೆ ಕೂಡುತ್ತದೆ, ಮನಸ್ಸು ಕೂಡಬೇಕು ಎಂದು ಡಾಕ್ಟರು ಕೈಚೆಲ್ಲಿದ್ದರು. ಅವಳನ್ನು ನೋಡಿಕೊಳ್ಳುತ್ತಿದ್ದವಳು ಅಣ್ಣನ ಮಗಳು. ಅಪ್ಪನ ಮುಖ ನೆನಪಿಲ್ಲದವಳು, ಅತ್ತಿಗೆ ಇನ್ನೊಂದು ಮದುವೆಯಾಗಿ ಹೋದ ಮೇಲೆ ಅಜ್ಜಿಯ ಸೆರಗು ಹಿಡಿದೇ ಬೆಳೆದವಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಅವಳೇ, ಬೇರೇನೂ ತೋಚದೆ, ಫೋನಿನಲ್ಲಿ ಆರನೇ ಹಾಡು ಹಚ್ಚಿ ಇಯರ್‌ಫೋನನ್ನು ಅಜ್ಜಿಯ ಕಿವಿಗೆ ಸಿಕ್ಕಿಸಿದಳು.

ಅಮ್ಮ ಈ ಕಡೆ ತಿರುಗಿದಳು.

"ಇದು ದೊಡ್ಡೋನು" ಎಂದಳು. "ಗಡ್ಡ ಬೋಳಿಸ್ಕೊಳ್ಳುವಾಗ ಕನ್ನಡಿ ಮುಂದೆ ನಿಂತು ಹೀಗೇ ಅನ್ನುತ್ತಿದ್ದ. ಇನ್ನೊಂದು ಸಲ ಹಾಕು."

ಆ ದಿನ ಅವಳು ಊಟ ಮಾಡಿದಳು. ಆಮೇಲೆ ದಿಂಬಿಗೊರಗಿ ಕೂತಳು. ಆಮೇಲೆ ವಾಕರ್ ಹಿಡಿದು ಬಾಗಿಲವರೆಗೆ ಹೋದಳು. ಊಟದ ಮುಂಚೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಅವಳಿಗೆ ಆ ಗುನುಗು ಬೇಕು. ಉಳಿದ ಹಾಡು ಅವಳಿಗೆ ಲೆಕ್ಕಕ್ಕಿಲ್ಲ. "ಆ ಗಲಾಟೆ ದಾಟಿಸು" ಎನ್ನುತ್ತಿದ್ದಳು.

ಒಂದು ಸಲ ಅವನು ಪಕ್ಕದಲ್ಲಿ ಕೂತಿದ್ದಾಗ, ಕಿವಿಯಲ್ಲಿ ಹಾಡಿಟ್ಟುಕೊಂಡೇ ಅವನತ್ತ ನೋಡಿದಳು. "ಇಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದ್ದು. ಅವನು ಬಂದರೆ ಮನೆ ತುಂಬ ಸದ್ದು. ನೀನು ಮನೇಲಿದ್ದೀಯೋ ಇಲ್ಲವೋ ಅಂತ ಚಪ್ಪಲಿ ನೋಡಿ ತಿಳ್ಕೋಬೇಕಿತ್ತು."

"ಈಗಲೂ ಅಷ್ಟೇ ಅಜ್ಜಿ" ಎಂದಳು ಅಣ್ಣನ ಮಗಳು. "ಚಿಕ್ಕಪ್ಪನ ಚಪ್ಪಲಿಗೇ ಮಾತು ಜಾಸ್ತಿ."

ಅವನು ನಕ್ಕಿದ್ದ. ನಗುವ ಮಾತೇ ಆಗಿತ್ತು.

ಕೇಳುಗರು ಬರೆದದ್ದನ್ನು ಮೊಮ್ಮಗಳು ಅಜ್ಜಿಗೆ ಓದಿ ಹೇಳುತ್ತಿದ್ದಳು, ಒಳ್ಳೆಯದನ್ನಷ್ಟೇ ಆರಿಸಿ. ಆದರೆ ಅಮ್ಮ ಮಕ್ಕಳನ್ನು ಸಾಕಿದವಳು. "ಇಷ್ಟು ಜನ ಒಳ್ಳೇದೇ ಹೇಳಿದ್ರೆ ಎಲ್ಲೋ ಕೆಟ್ಟದ್ದು ಮುಚ್ಚಿಟ್ಟಿದ್ದೀಯ ಅಂತ ಅರ್ಥ. ಅದನ್ನೂ ಓದು" ಎಂದು ಪಟ್ಟು ಹಿಡಿದಳು. ಮೊಮ್ಮಗಳು ಓದಿದಳು. ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಅವನು ಮನೆಗೆ ಬರುವುದನ್ನೇ ಕಾದಳು.

"ನೀನು ಅವತ್ತು ಅಲ್ಲೇ ಇದ್ದೆಯಲ್ಲ?"

"ಇದ್ದೆ ಅಮ್ಮ."

"ಕುಡಿದಿದ್ದನಾ?"

"ಇಲ್ಲ."

"ಹಾಗಿದ್ರೆ ಅವರಿಗೆ ಹೇಳು. ನನ್ನ ಮಾತು ಯಾರೂ ನಂಬಲಿಲ್ಲ, ತಾಯಿ ಅಂದುಬಿಟ್ಟರು. ನೀನು ಇದೇ ಕಸುಬಿನವನು. ನಿನ್ನ ಮಾತು ನಂಬ್ತಾರೆ." ಅವನ ಕೈ ಹಿಡಿದು, "ಅವನ ದನಿ ನನಗೆ ವಾಪಸ್ ಕೊಟ್ಟೆ. ಅವನ ಹೆಸರೂ ಕೊಟ್ಟುಬಿಡು. ನಾನು ಸಾಯೋದರೊಳಗೆ" ಎಂದಳು.

ಅಂದೇ ಕಂಪನಿಯ ಮೇಡಂ ಫೋನ್ ಮಾಡಿದ್ದರು. ಆರನೇ ಹಾಡಿನ ಮೇಲೆ ದೂರು ಹೆಚ್ಚಾಗಿದೆ. ಗುನುಗು ಅಳಿಸಿ ಹೊಸ ಪ್ರತಿ ಕೊಡಬೇಕು, ಅಥವಾ ಅದು ಏನು, ಯಾರದು ಎಂದು ಮನೆಯವರ ಪರವಾಗಿ ನಾಲ್ಕು ಮಾತು ಕೊಡಬೇಕು, ಪ್ರಕಟಿಸುತ್ತೇವೆ. "ನಾಳೆ ಸಂಜೆಯೊಳಗೆ ಹೇಳಿಬಿಡಿ ಸರ್. ಮೇಲಿನವರು ನನ್ನ ತಲೆ ತಿನ್ನುತ್ತಿದ್ದಾರೆ."

ಅದಕ್ಕೇ ಅವನು ಈ ಬೆಳಿಗ್ಗೆ ಮೂಲ ಟೇಪಿನಲ್ಲಿದ್ದ, ಕೋಣೆಯ ಮೈಕಿನ ಟ್ರ್ಯಾಕ್ ತೆರೆದದ್ದು. ಅಂದು ತಂಡ ನುಡಿಸಿದ ಕೋಣೆಯ ಮೂಲೆಯಲ್ಲಿ ಸುಮ್ಮನೆ ನಿಲ್ಲಿಸಿದ್ದ ಆ ಮೈಕಿನ ಮುದ್ರಣ ಆಲ್ಬಮ್ಮಿಗೆ ಬಳಕೆಯಾಗಿರಲಿಲ್ಲ. ಅದರಲ್ಲಿ ಹಾಡುಗಳ ನಡುವಿನ ಮಾತುಕತೆ ಇದ್ದರೂ ಇರಬಹುದು, ಅಣ್ಣ ತೊದಲದೆ ನೆಟ್ಟಗೆ ಮಾತಾಡಿದ್ದು ಎರಡೇ ಎರಡು ವಾಕ್ಯ ಸಿಕ್ಕರೂ ಸಾಕು, ಮೂರನೇ ತಂತಿಯ ಬಾಯಿ ಮುಚ್ಚಿಸಬಹುದು ಎಂಬ ಆಸೆ. ಸಿಕ್ಕಿತು. ನೀರಿನಷ್ಟು ತಿಳಿಯಾದ ದನಿ: "ಬಿಡಬೇಡ, ಹಿಡ್ಕೊಂಡಿರು." ಕುಡಿದವನ ಮಾತಲ್ಲ ಅದು. ಆದರೆ ಕೆಳಗೆ ಗುನುಗು ನಡೆದೇ ಇತ್ತು. ಅಣ್ಣ ಕುಡಿದಿರಲಿಲ್ಲ ಎಂದು ತೋರಿಸುವ ಅದೇ ತುಣುಕು, ಗುನುಗಿದ್ದು ಅಣ್ಣನಲ್ಲ ಎಂದೂ ತೋರಿಸುತ್ತಿತ್ತು. ಒಂದನ್ನು ಮುಚ್ಚಿ ಇನ್ನೊಂದನ್ನು ಕೊಡುವಂತಿರಲಿಲ್ಲ.

ಬಿಡಬೇಡ ಎಂದದ್ದು ಯಾರಿಗೆ? ಅದು ಅವನಿಗೆ ನೆನಪಿತ್ತು. ಆಂಪ್ಲಿಫೈಯರಿಗೆ ಗಿಟಾರಿನ ವೈರು ಚುಚ್ಚುವ ಜಾಗ ಸಡಿಲವಾಗಿತ್ತು. ಅಲುಗಿದರೆ ಪಟಪಟ ಎನ್ನುತ್ತಿತ್ತು. ಬೆಸುಗೆ ಹಾಕಿಸಲು ಹೊತ್ತಿರಲಿಲ್ಲ. ಹಾಡು ಮುಗಿಯುವವರೆಗೆ ಅದನ್ನು ಬೆರಳಿನಿಂದ ಒತ್ತಿ ಹಿಡಿದು, ಆಂಪ್ಲಿಫೈಯರಿಗೆ ಆತುಕೊಂಡು ನೆಲದ ಮೇಲೆ ಕೂತವನು ಅವನೇ. ವೈರು ಹಿಡಿದದ್ದು ನೆನಪಿತ್ತು. ಬೆರಳು ಜೋಮು ಹಿಡಿದದ್ದು ನೆನಪಿತ್ತು. ಗುನುಗಿದ್ದು ನೆನಪಿರಲಿಲ್ಲ.

ಕಂಪ್ಯೂಟರ್ ಆರಿಸಿ, ಕೋಣೆಗೆ ಬೀಗ ಹಾಕಿ, ಅವನು ಗಂಟಲನ್ನು ಹುಡುಕಿಕೊಂಡು ಹೊರಟ.

ಗಂಟಲು ಎಂದರೆ ತಂಡದ ಗಾಯಕ. ಆ ಗಂಟಲಿನಿಂದ ಈಗ ಹಾಡು ಹೊರಡುವುದಿಲ್ಲ. ಸಿಗರೇಟು ಅದನ್ನು ಎಂದೋ ತಿಂದಿತ್ತು. ಅವನು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಇವನು ಹೋದಾಗ ಮೈದಾನದ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದ ಖಾಲಿ ತಗಡಿನ ಡ್ರಮ್ಮುಗಳ ನಡುವೆ ಒಬ್ಬ ಮಹಿಳೆ ಕಾರನ್ನು ಹಿಂದಕ್ಕೆ ತರುತ್ತಿದ್ದಳು. ಗಂಟಲು ಕುರ್ಚಿ ಹಾಕಿಕೊಂಡು ಕೂತು, "ಇನ್ನೂ ಬರಲಿ, ಇನ್ನೂ ಬರಲಿ" ಎನ್ನುತ್ತಿದ್ದ. ಡ್ರಮ್ಮು ಉರುಳಿತು. "ಸಾಕು" ಎಂದ.

"ಬಾರೋ ಕಿವಿ. ನೋಡು, ಆಗಲೂ ಡ್ರಮ್ ಸದ್ದು, ಈಗಲೂ ಡ್ರಮ್ ಸದ್ದು. ಹಣೆಬರಹ."

ಇವನು ಕೇಳುಗರು ಬರೆದದ್ದನ್ನೆಲ್ಲ ಹೇಳಿದ. ಅಣ್ಣ ಕುಡಿಯುತ್ತಿರಲಿಲ್ಲವೆಂದು ನೀನೊಂದು ಮಾತು ಬರೆಯಬೇಕು ಎಂದು ಕೇಳಿಕೊಂಡ.

"ನಾನು ಬರೆದ್ರೆ ಕಳ್ಳನಿಗೆ ಕಳ್ಳ ಸಾಕ್ಷಿ ಅಂತಾರೆ. ಆ ಕಾಲದಲ್ಲಿ ನಾವೆಲ್ಲ ಎಣ್ಣೆಯಲ್ಲೇ ತೇಲ್ತಿದ್ದವರು, ಲೋಕಕ್ಕೇ ಗೊತ್ತು. ನಿಮ್ಮಣ್ಣ ಒಬ್ಬನೇ ನೀರು ಕುಡ್ಕೊಂಡು ನಮ್ಮನ್ನ ಮನೆಗೆ ಬಿಟ್ಟು ಬರ್ತಿದ್ದದ್ದು." ಗಂಟಲು ಕೆಮ್ಮಿದ. "ಅದಿರಲಿ, ಆ ಗುನುಗಿಗೂ ಅವನಿಗೂ ಏನು ಸಂಬಂಧ? ಗುನುಗಿದ್ದು ನೀನಲ್ಲವೇನೋ?"

ಇವನು ತನ್ನ ಬೆರಳುಗಳನ್ನೇ ನೋಡಿಕೊಂಡ.

"ಲೋ, ನಿನಗೇ ಗೊತ್ತಿಲ್ವಾ? ಹಾಲು ಕುಡಿಯೋ ಕರು ಥರ ಆಂಪಿಗೆ ಕೆನ್ನೆ ಒತ್ತಿ, ಕಣ್ಮುಚ್ಕೊಂಡು ಹೂಂ ಅಂತಿದ್ದೆ. ನಾನು ಗಾಜಿನ ಈ ಕಡೆ ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡೆ. ಆಂಪಿಗೆ ಇಟ್ಟ ಮೈಕು ನಿನ್ನ ಮೂಗಿನ ಮುಂದೇ ಇತ್ತು. ಹಾಡು ನಿಲ್ಸೋಣ ಅಂತ ಕೈಯೆತ್ತಿದ್ರೆ ನಿಮ್ಮಣ್ಣ ಬೇಡ ಅಂತ ತಲೆ ಆಡಿಸಿದ."

"ಯಾಕೆ?"

"ಆಮೇಲೆ ನಾನೂ ಅದನ್ನೇ ಕೇಳಿದೆ. 'ಅವನು ಬಾಯಿಬಿಟ್ಟಿರೋದು ಇವತ್ತೇ, ಕೆಡಿಸ್ಬೇಡ. ಹೇಳಿದ್ರೆ ಇನ್ನು ಜನ್ಮದಲ್ಲಿ ಬಾಯಿ ಬಿಡಲ್ಲ' ಅಂದ. ಟೇಪಿನ ಗಲಾಟೇಲಿ ಹೇಗೂ ಕೇಳಿಸಲ್ಲ ಅಂತ ಬಿಟ್ವಿ." ಗಂಟಲು ಇವನ ಮುಖ ನೋಡಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಇದರಲ್ಲಿ ಸಾಯೋ ಮುಖ ಮಾಡುವಂಥದ್ದು ಏನಿದೆ? ಒಂದು ಸಾಲು ಬರಿ. ಗುನುಗಿದವನು ನಾನು, ಅಣ್ಣನ ತಂಟೆಗೆ ಹೋಗ್ಬೇಡಿ ಅಂತ. ಅಲ್ಲಿಗೆ ಮುಗೀತು."

"ಅಮ್ಮ ದಿನಾ ಅದನ್ನ ಕೇಳ್ತಾಳೆ" ಎಂದ ಇವನು. "ಅಣ್ಣ ಅಂತ. ಅದನ್ನ ಕೇಳಿ ಊಟ ಮಾಡ್ತಾಳೆ."

ಮೈದಾನದಲ್ಲಿ ಆ ಮಹಿಳೆ ಕೆಳಗಿಳಿದು ಡ್ರಮ್ಮನ್ನು ಎತ್ತಿ ನಿಲ್ಲಿಸುತ್ತಿದ್ದಳು. ಅವಳು ಮತ್ತೆ ಕಾರು ಹತ್ತುವವರೆಗೂ ಇಬ್ಬರೂ ಅವಳನ್ನೇ ನೋಡಿದರು.

"ಹಾಗಾದ್ರೆ ನನ್ನ ಕೇಳ್ಬೇಡ ಮಾರಾಯ" ಎಂದ ಗಂಟಲು.

ಸ್ಟುಡಿಯೋಗೆ ವಾಪಸು ಬಂದು, ಇವನು ಕೇಳುಗರ ಆ ಸೈಟಿನಲ್ಲಿ ಹೆಸರಿಲ್ಲದೆ ಹೊಸ ಖಾತೆ ತೆರೆದ. ಸೈಟು ಏನಾದರೊಂದು ಹೆಸರು ಬೇಕೇ ಬೇಕು ಎಂದಾಗ 'ವೈರು' ಎಂದು ಹಾಕಿದ. ಇಲ್ಲಿ ಹೇಳಿದರೆ ಹೇಳಿದಂತೆಯೂ ಆಯಿತು, ನೂರಾರು ಮಾತಿನ ನಡುವೆ ಅಮ್ಮನಿಗೆ ತಿಳಿಯದಂತೆಯೂ ಆಯಿತು. ಅಪರಿಚಿತರು ನಂಬಿ ಸುಮ್ಮನಾದರೆ ಅಣ್ಣನ ಹೆಸರೂ ಉಳಿಯಿತು, ಅಮ್ಮ ಕೇಳುವ ದನಿಯೂ ಉಳಿಯಿತು. ಮುಳುಗುವವನಿಗೆ ಹುಲ್ಲುಕಡ್ಡಿ. ಬರೆದ: "ಆರನೇ ಹಾಡಿನಲ್ಲಿ ಗುನುಗಿದ್ದು ಗಿಟಾರಿಸ್ಟ್ ಅಲ್ಲ. ಆಂಪ್ಲಿಫೈಯರಿನ ಸಡಿಲ ವೈರು ಹಿಡಿದು ಕೂತಿದ್ದ ಇನ್ನೊಬ್ಬ. ಗಿಟಾರಿಸ್ಟ್ ಕುಡಿಯುತ್ತಿರಲಿಲ್ಲ. ನಾನು ಅಲ್ಲಿದ್ದೆ."

ಉತ್ತರ ಬರಲು ಹೊತ್ತು ಹಿಡಿಯಲಿಲ್ಲ.

"ಬಂದ್ರಪ್ಪ ವೈರು ಹಿಡಿದವರು. ನಾಳೆ ಕಸ ಗುಡಿಸಿದವರು ಬರ್ತಾರೆ."

"ಗಿಟಾರಿಸ್ಟ್ ಮನೆಯವರು ಇರಬೇಕು, ಪಾಪ. ಬಿಟ್ಟುಬಿಡಿ."

"ಕಥೆ ಚೆನ್ನಾಗಿದೆ" ಎಂದು ಬರೆದಿದ್ದ ಮೂರನೇ ತಂತಿ. "ನೀನೇ ಆ ಇನ್ನೊಬ್ಬ ಆಗಿದ್ರೆ ಅದೇ ಭಾಗ ಗುನುಗಿ ಹಾಕು. ಕೇಳಿ ನೋಡೋಣ."

ಅವನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. ಕೆಳಗೆ ಯಂತ್ರಗಳು ತಿರುಗುತ್ತಿದ್ದವು. ನಿಲ್ಲುವವರೆಗೆ ಕಾದ. ಹೆಡ್‌ಫೋನಿನಲ್ಲಿ ಅಣ್ಣನ ಗಿಟಾರು ಶುರುವಾಯಿತು. ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ದನಿ ತೆಗೆಯಲು ನೋಡಿದ. ಬರೀ ಗಾಳಿ ಬಂತು. ಮತ್ತೊಮ್ಮೆ ನೋಡಿದ. ತುಕ್ಕು ಹಿಡಿದ ಬಾಗಿಲು ಎಳೆದಂಥ ಸದ್ದು ಬಂದು, ಎರಡನೇ ಸ್ವರಕ್ಕೇ ಮುರಿಯಿತು. ಅಣ್ಣ ಸತ್ತಮೇಲೆ ಎಂದಾದರೂ ಗುನುಗಿದ್ದೆನೇ ಎಂದು ಯೋಚಿಸಿದ. ಒಂದು ಸಲವೂ ನೆನಪಾಗಲಿಲ್ಲ. ಕುಳಿತು ನೋಡಿದ, ನಿಂತು ನೋಡಿದ, ಕೊನೆಗೆ ನೆಲದ ಮೇಲೆ ಕೂತು ಸ್ಪೀಕರಿನ ಮರಕ್ಕೆ ಕೆನ್ನೆ ಒತ್ತಿ ನೋಡಿದ. ಪ್ರತಿಸಲ ಮುದ್ರಿಸಿ, ಆ ಹಳೆಯ ಗುನುಗಿನ ಪಕ್ಕದಲ್ಲಿಟ್ಟು ಕೇಳಿದ. ಒಂದು ಕಡೆ ಇಪ್ಪತ್ತರ ಹರೆಯದವನ ಎದೆ. ಇನ್ನೊಂದು ಕಡೆ ಒಣಗಿದ ಮುದುಕ. ತನ್ನನ್ನು ತಾನೇ ನಂಬುವಂತಿರಲಿಲ್ಲ. ಮೂರನೇ ತಂತಿ ಹೇಗೆ ನಂಬಿಯಾನು?

ಉಳಿದದ್ದು ಕೋಣೆಯ ಮೈಕಿನ ತುಣುಕು. ಅದನ್ನು ಹಾಕಿದರೆ ಎಂಥ ಕಿವುಡನೂ ಒಪ್ಪಬೇಕು. ಕತ್ತರಿಸಿ, ಸೈಟಿಗೆ ಸೇರಿಸಿದ. ಪರದೆಯ ಮೇಲೆ 'ಕಳುಹಿಸು' ಎಂಬ ಗುಂಡಿ ಮೂಡಿತು. ಕೈ ಮೌಸಿನ ಮೇಲಿತ್ತು. ಒತ್ತಿದರೆ, ನಾಳೆ ಇಡೀ ಸೈಟು ಇದನ್ನೇ ಮಾತಾಡುತ್ತದೆ, ಅಮ್ಮ ಎಲ್ಲವನ್ನೂ ಓದಿಸಿ ಕೇಳುತ್ತಾಳೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ. ಒತ್ತದಿದ್ದರೆ, ಮಗ ಕುಡುಕನಲ್ಲ ಎಂದು ಬಾಗಿಲು ಬಾಗಿಲಿಗೆ ಹೋದವಳು ಕುಡುಕನ ತಾಯಿಯಾಗಿಯೇ ಸಾಯುತ್ತಾಳೆ.

ಫೋನು ಸದ್ದು ಮಾಡಿತು. ಅಣ್ಣನ ಮಗಳು.

"ಚಿಕ್ಕಪ್ಪ, ಬೇಗ ಬಾ. ಅಜ್ಜಿ ಮಧ್ಯಾಹ್ನದಿಂದ ತಟ್ಟೆ ಮುಟ್ಟಿಲ್ಲ. ನೀನು ಅವರಿಗೆ ಹೇಳಿದೆಯಾ ಅಂತ ಕೇಳ್ತಾ ಇದಾಳೆ."

ಪರದೆಯನ್ನು ಹಾಗೆಯೇ ಬಿಟ್ಟು ಹೊರಟ.

ಅಮ್ಮ ದಿಂಬಿಗೊರಗಿ ಕೂತಿದ್ದಳು. ಸಂಜೆಯ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಅವನು ಮಂಚದ ಅಂಚಿನಲ್ಲಿ ಕೂತ.

"ಹೇಳಿದೆಯಾ?"

"ಹೇಳಿದೆ ಅಮ್ಮ."

"ಏನಂದ್ರು?"

"ನಂಬಲಿಲ್ಲ."

ಅಮ್ಮ ತಲೆಯಾಡಿಸಿದಳು. ಅವಳಿಗೆ ಅದು ಹೊಸದಾಗಿರಲಿಲ್ಲ. "ಏನಂತ ಹೇಳಿದೆ?"

ಇಲ್ಲಿ ಹೇಳಬಹುದಿತ್ತು. ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಬಾಯಿವರೆಗೆ ಬಂದದ್ದು ಎರಡೇ ಎರಡು ಪದ; ಹೇಳಿದರೆ ಅಣ್ಣನ ಮೇಲಿನ ಕಳಂಕ ಈ ಮನೆಯ ಮಟ್ಟಿಗಾದರೂ ಪೂರ್ತಿ ತೊಳೆದು ಹೋಗುತ್ತಿತ್ತು. ಹೇಳಿದರೆ ಇನ್ನೊಂದೂ ಆಗುತ್ತಿತ್ತು. ಇಷ್ಟು ದಿನ ಅವಳು ಕಿವಿಗೊಟ್ಟು, ಕಣ್ಣು ತೇವ ಮಾಡಿಕೊಂಡು ಕೇಳಿದ್ದು ತನ್ನನ್ನು ಎಂದು ಅವಳಿಗೆ ತಿಳಿಯುತ್ತಿತ್ತು. ಅದು ತಿಳಿಯಲಿ ಎಂಬ ಆಸೆ ತನಗಿದೆ, ಅಣ್ಣನ ಹೆಸರಿಗಿಂತ ಮುಂದೆ ಬಂದು ನಿಂತಿದೆ ಎಂದು ಆ ಗಳಿಗೆಯಲ್ಲಿ ಅವನಿಗೆ ಗೊತ್ತಾಯಿತು. ಗೊತ್ತಾದದ್ದೇ ನಾಲಿಗೆ ಹಿಂದೆ ಸರಿಯಿತು.

"ಅವನು ಮುಟ್ತಿರಲಿಲ್ಲ ಅಂತ ಹೇಳಿದೆ" ಎಂದ.

"ಅಷ್ಟು ಹೇಳಿದೆಯಲ್ಲ. ಸಾಕು. ನನ್ನ ಜೊತೆ ಇನ್ನೊಬ್ಬರು ಹೇಳಿದ ಹಾಗಾಯ್ತು." ಅವಳು ದಿಂಬಿನ ಪಕ್ಕದಿಂದ ಇಯರ್‌ಫೋನ್ ತೆಗೆದು, ಒಂದನ್ನು ತನ್ನ ಕಿವಿಗಿಟ್ಟುಕೊಂಡು ಇನ್ನೊಂದನ್ನು ಅವನತ್ತ ಚಾಚಿದಳು. "ತಗೋ. ನೀನು ಒಂದು ದಿನವೂ ನನ್ನ ಜೊತೆ ಕೂತು ಕೇಳಿಲ್ಲ."

ಇಬ್ಬರ ನಡುವೆ ವೈರು ಚಿಕ್ಕದಾಗಿತ್ತು. ಅವನು ಅವಳ ಭುಜಕ್ಕೆ ತಲೆ ತಾಗುವಷ್ಟು ಬಾಗಬೇಕಾಯಿತು. ಅಣ್ಣನ ಮಗಳು ಗಲಾಟೆ ದಾಟಿಸಿದಳು. ಗಿಟಾರು ಬಂತು, ಅದರಡಿಯಲ್ಲಿ ಗುನುಗು ಬಂತು. ಅಮ್ಮನ ಕೈ ಹೊದಿಕೆಯ ಮೇಲೆ ಮೆಲ್ಲಗೆ ತಾಳ ಹಾಕಿತು. "ನೋಡು" ಎಂದು ಅವಳು ಪಿಸುಗುಟ್ಟಿದಳು, "ಎಷ್ಟು ಹಾಯಾಗಿದ್ದಾನೆ ನೋಡು. ಕುಡಿದವನು ಹೀಗಿರ್ತಾನಾ?"

"ಇಲ್ಲ" ಎಂದ ಅವನು.

ಅವಳು ತಟ್ಟೆ ಕೇಳಿದಳು. ಎರಡು ತುತ್ತು ತಿನ್ನುವಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಅದುರಿತು. ಕಂಪನಿಯ ಮೇಡಂ. ಎದ್ದು ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ.

"ಏನು ಮಾಡೋಣ ಸರ್?"

"ಇರಲಿ ಬಿಡಿ. ಅಳಿಸೋದು ಬೇಡ. ಅದು ಅಣ್ಣನ ದನಿ."

"ಮನೆಯವರ ಮಾತು ಅಂತ ಹಾಕಬಹುದಾ?"

"ಹಾಕಿ."

"ಕುಡಿದಿದ್ದರು ಅಂತಾರಲ್ಲ, ಅದಕ್ಕೇನು ಹಾಕಲಿ?"

"ಕುಡಿದಿರಲಿಲ್ಲ ಅಂತ ಹಾಕಿ."

"ಬರೀ ಅಷ್ಟಕ್ಕೆ ಜನ ನಂಬ್ತಾರಾ ಸರ್? ಏನಾದರೂ ಪುರಾವೆ ಇದ್ದಿದ್ದರೆ..."

ಅಮ್ಮ ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಅವನನ್ನು ನೋಡುತ್ತಿದ್ದಳು.

"ಪುರಾವೆ ಇಲ್ಲ" ಎಂದ ಅವನು.

ಮರುದಿನ ಸ್ಟುಡಿಯೋಗೆ ಹೋದಾಗ ಪರದೆ ಕಪ್ಪಾಗಿತ್ತು. ಮುಟ್ಟಿದರೆ 'ಕಳುಹಿಸು' ಗುಂಡಿ ಅಲ್ಲೇ ಇತ್ತು. ಅವನು ಅದನ್ನು ಮುಚ್ಚಿ, ವೈರು ಎಂಬ ಖಾತೆಯನ್ನು ಅಳಿಸಿದ. ಕಂಪನಿ ಮನೆಯವರ ಮಾತು ಪ್ರಕಟಿಸಿತು. "ಮನೆಯವರು ಇನ್ನೇನು ಹೇಳ್ತಾರೆ" ಎಂದು ಮೂರನೇ ತಂತಿ ಬರೆದ, ಹತ್ತಾರು ಜನ ಅದಕ್ಕೆ ತಲೆದೂಗಿದರು. ಕೆಲವು ವಾರ ಹೀಗೇ ನಡೆದು, ಯಾವುದೋ ಬೇರೆ ಆಲ್ಬಮ್ ಬಂದು, ಮಾತು ಅತ್ತ ಹೊರಳಿತು. ಅಣ್ಣ ಕುಡುಕನಾಗಿ ಅಲ್ಲೇ ಉಳಿದ.

ಅಮ್ಮ ಇನ್ನೂ ಕೆಲವು ಕಾಲ ಇದ್ದಳು, ಉಣ್ಣುತ್ತ, ವಾಕರ್ ಹಿಡಿದು ಬಾಗಿಲವರೆಗೆ ನಡೆಯುತ್ತ, ದಿನಕ್ಕೆರಡು ಸಲ ಆ ಗುನುಗು ಕೇಳುತ್ತ. ಎಷ್ಟೋ ಸಂಜೆ ಅವನು ಪಕ್ಕದಲ್ಲೇ ಕೂತು ಕೇಳಿದ. ಅದು ನಾನು ಎಂದು ಅವಳಿಗೆ ಅವನು ಹೇಳಲೇ ಇಲ್ಲ.